ಫ್ರಿಜ್ಜಿನ ಮೇಲಿನ ಪತ್ರ ಮತ್ತು ಮೂರು ತಿಂಗಳ ಗಡುವು

ಸ್ಥಳೀಯ ಕೌನ್ಸಿಲ್ಲಿನಿಂದ ಬಂದ ಪತ್ರ ಒಂದೂವರೆ ಪುಟದ್ದು. ಶುರುವಿನಲ್ಲಿ ಉಪಚಾರದ ಮಾತು, ಕೊನೆಯಲ್ಲಿ ಫೋನ್ ನಂಬರು, ನಡುವೆ ಎಲ್ಲೋ ಹುದುಗಿಕೊಂಡ ಒಂದು ಸಾಲು: ಹೊಸ ಮಾನದಂಡದ ಪ್ರಕಾರ ನಿಮ್ಮ ಮಗನಿಗೆ ವಾರಕ್ಕೆ ಸಿಗುತ್ತಿದ್ದ ಎಂಟು ಗಂಟೆಗಳ ಶಾರ್ಟ್ ಬ್ರೇಕ್ ಇನ್ನು ಮುಂದೆ ಮೂರು ಗಂಟೆ. ನಾನು ಅದನ್ನು ನೋಡಿದ್ದು ಇಂಗ್ಲೆಂಡಿನಲ್ಲಿರುವ ಗೆಳತಿಯ ಅಡುಗೆಮನೆಯಲ್ಲಿ, ಫ್ರಿಜ್ಜಿನ ಬಾಗಿಲ ಮೇಲೆ. ಅದರ ಸುತ್ತ ಅವಳ ಮಗನ ಚಿತ್ರದ ಕಾರ್ಡುಗಳು: ನೀರಿನ ಲೋಟ, ಕಾರು, ಮೊಸರನ್ನದ ಬಟ್ಟಲು, ಬಚ್ಚಲುಮನೆ. ಹನ್ನೊಂದು ವರ್ಷದ ಆ ಹುಡುಗ ಮಾತಾಡುವುದಿಲ್ಲ. ತನಗೆ ಬೇಕಾದ ಕಾರ್ಡನ್ನು ಕಿತ್ತು ತಂದು ಅಮ್ಮನ ಕೈಗಿಡುತ್ತಾನೆ. ರಾತ್ರಿ ನಾಲ್ಕು ಗಂಟೆ ಮಲಗಿದರೆ ಹೆಚ್ಚು.

‘ಅಕ್ಕಾ, ಇದಕ್ಕೆ ಅಪೀಲು ಎಲ್ಲಿ ಹಾಕ್ಬೇಕು?’ ಎಂದಳು. ಮೂಲತಃ ದಾವಣಗೆರೆಯವಳು, ಗಂಡನ ಕೆಲಸದ ಮೇಲೆ ಅಲ್ಲಿಗೆ ಹೋಗಿ ನೆಲೆಸಿದವಳು. ನಾನು ಉತ್ತರ ಕೊಡುವ ಮೊದಲು ಪತ್ರದ ತಾರೀಖು ನೋಡಿದೆ. ಬಂದು ಐದು ವಾರ ಕಳೆದಿತ್ತು.

ತಾರೀಖನ್ನೇ ಯಾಕೆ ಮೊದಲು ನೋಡಿದೆ ಎನ್ನುವುದನ್ನು ಹೇಳಿದರೆ ಈ ವಿಷಯದ ಅರ್ಧ ಹೇಳಿದಂತೆ. ನಾನು ವಕೀಲೆಯಲ್ಲ. ಇಂಥ ಮನೆಗಳ ಕಾಗದಪತ್ರ ಓದಿ, ಯಾವ ಬಾಗಿಲು ತಟ್ಟಬೇಕೆಂದು ಹೇಳಿ ಹೇಳಿ ಅಭ್ಯಾಸವಾದವಳು. ಬರುವ ತಾಯ್ತಂದೆಯರಲ್ಲಿ ಹೆಚ್ಚಿನವರು ಒಂದೇ ತಪ್ಪು ತಿಳಿವಳಿಕೆಯೊಂದಿಗೆ ಬರುತ್ತಾರೆ: ‘ಕೋರ್ಟಿಗೆ ಹೋದರೆ ಜಡ್ಜ್ ನನ್ನ ಮಗುವನ್ನು ನೋಡುತ್ತಾರೆ, ನಮ್ಮ ಕಷ್ಟ ಕೇಳುತ್ತಾರೆ, ಎಂಟು ಗಂಟೆ ಕೊಡಿ ಅಂತ ಆದೇಶ ಮಾಡುತ್ತಾರೆ.’ ಆಗುವುದು ಹಾಗಲ್ಲ. ಜಡ್ಜ್ ನೋಡುವುದು ಮಗುವನ್ನಲ್ಲ, ಕೌನ್ಸಿಲ್ ಆ ತೀರ್ಮಾನಕ್ಕೆ ಬಂದ ದಾರಿಯನ್ನು. ಇದು ಗೊತ್ತಿದ್ದವರು ಗೆಲ್ಲುವ ಸಾಧ್ಯತೆ ಇದೆ. ಗೊತ್ತಿಲ್ಲದವರು ನಿಜವಾದ ಕಷ್ಟವಿದ್ದೂ ಸೋಲುತ್ತಾರೆ.

ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿನದು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ಕಾನೂನು ಬೇರೆ. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಅಂದರೆ ನಮ್ಮ ನಗರಸಭೆಯ ಹಾಗೆ ಕಸ, ನಲ್ಲಿ, ಬೀದಿದೀಪ ಮಾತ್ರವಲ್ಲ. ವಿಕಲಚೇತನ ಮಗುವಿನ ವಿಶೇಷ ಶಿಕ್ಷಣ, ಶಾಲೆಗೆ ಹೋಗುವ ಟ್ಯಾಕ್ಸಿ, ಮನೆಗೆ ಬಂದು ನೋಡಿಕೊಳ್ಳುವವರು, ವಾರಾಂತ್ಯದ ಕ್ಲಬ್, ರಾತ್ರಿ ತಂಗುವ ಕೇಂದ್ರ ಎಲ್ಲವೂ ಬಹುಪಾಲು ಅದರ ಹೊಣೆ. ಶಾರ್ಟ್ ಬ್ರೇಕ್ ಎನ್ನುವುದು ಇವುಗಳಲ್ಲಿ ಒಂದು. ತರಬೇತಾದವರು ಕೆಲವು ಗಂಟೆ ಮಗುವಿನ ಜೊತೆಗಿರುತ್ತಾರೆ, ಈಜುಕೊಳಕ್ಕೋ ಪಾರ್ಕಿಗೋ ಕರೆದೊಯ್ಯುತ್ತಾರೆ. ಮಗುವಿಗೆ ಅದು ಹೊರಗಿನ ಲೋಕ, ತಾಯಿಗೆ ನಿದ್ದೆ. ಎರಡನೆಯದು ಸಣ್ಣ ವಿಷಯವಲ್ಲ.

ಬಜೆಟ್ ಬಿಗಿಯಾದಾಗ ಕತ್ತರಿ ಮೊದಲು ಬೀಳುವುದೂ ಇಂಥ ಸೇವೆಗಳ ಮೇಲೆ. ಕೌನ್ಸಿಲ್ಲಿನಲ್ಲಿರುವವರು ಕಟುಕರಲ್ಲ. ಸರ್ಕಾರದ ಅನುದಾನ ಸಾಲದೆ ಅವರೂ ಒದ್ದಾಡುತ್ತಾರೆ. ಆದರೆ ಹಣ ಇಲ್ಲ ಎನ್ನುವ ಮಾತು ಯಾವಾಗ ಒಪ್ಪತಕ್ಕ ಉತ್ತರ, ಯಾವಾಗ ಉತ್ತರವೇ ಅಲ್ಲ ಎನ್ನುವುದರ ಮೇಲೆ ಐವತ್ತು ವರ್ಷಗಳ ಕಾನೂನು ನಿಂತಿದೆ.

‘ಮಾಡಬೇಕು’ ಮತ್ತು ‘ಈ ಮಗುವಿಗೆ ಮಾಡಲೇಬೇಕು’

1969ರಲ್ಲಿ ಆಲ್ಫ್ ಮಾರಿಸ್ ಎಂಬ ಲೇಬರ್ ಪಕ್ಷದ ಸಂಸದರಿಗೆ ಖಾಸಗಿ ಮಸೂದೆ ಮಂಡಿಸುವ ಅವಕಾಶ ಲಾಟರಿಯಲ್ಲಿ ಒಲಿಯಿತು. ಅವರ ತಂದೆ ಮೊದಲ ಮಹಾಯುದ್ಧದಲ್ಲಿ ವಿಷಾನಿಲಕ್ಕೆ ಸಿಕ್ಕಿ ಆರೋಗ್ಯ ಕಳೆದುಕೊಂಡವರು. ಮನೆಯಲ್ಲೇ ಕಂಡ ಕಷ್ಟವನ್ನು ಅವರು ಮಸೂದೆಯಾಗಿಸಿದರು. 1970ರ ಮೇ ತಿಂಗಳಲ್ಲಿ, ಚುನಾವಣೆಗೆ ಸ್ವಲ್ಪವೇ ಮುಂಚೆ, ಅದು ದೀರ್ಘಕಾಲದ ರೋಗಿಗಳು ಮತ್ತು ಅಂಗವಿಕಲರ ಕಾಯ್ದೆಯಾಗಿ ಅಂಗೀಕಾರ ಪಡೆಯಿತು. ಅದರ ಎರಡನೇ ಸೆಕ್ಷನ್ನಿನ ಪಟ್ಟಿ ಓದಿದರೆ ಬರೆದವರು ಬಡವರ ಮನೆ ಒಳಹೊಕ್ಕು ನೋಡಿದ್ದಾರೆ ಅನಿಸುತ್ತದೆ: ಮನೆಕೆಲಸದಲ್ಲಿ ನೆರವು, ರೇಡಿಯೋ, ಟೆಲಿವಿಷನ್, ಆಟ, ಹೊರಸಂಚಾರ, ಮನೆಯೊಳಗೆ ಅನುಕೂಲಕ್ಕೆ ಬೇಕಾದ ಮಾರ್ಪಾಟು, ರಜೆಯ ಪ್ರವಾಸ, ಊಟ, ಟೆಲಿಫೋನು. ದೊಡ್ಡವರ ಮಟ್ಟಿಗೆ 2014ರ ಕೇರ್ ಆಕ್ಟ್ ಇಂಗ್ಲೆಂಡಿನಲ್ಲಿ ಇದರ ಜಾಗ ತೆಗೆದುಕೊಂಡಿತು. ಮಕ್ಕಳಿಗೆ ಈ ಸೆಕ್ಷನ್ ಇಂದಿಗೂ ಜೀವಂತ.

ಇದರ ಪಕ್ಕದಲ್ಲಿ 1989ರ ಚಿಲ್ಡ್ರನ್ ಆಕ್ಟ್ ಇದೆ. ಅದರ 17ನೇ ಸೆಕ್ಷನ್ನಿನಂತೆ ವಿಕಲಚೇತನ ಮಗು ತಾನಾಗಿಯೇ ‘ನೆರವು ಬೇಕಾದ ಮಗು’. ಅದರ ಅಗತ್ಯಗಳ ಅಸೆಸ್‌ಮೆಂಟ್ ನಡೆಯಬೇಕು. ಇಲ್ಲಿನ ವ್ಯಾಖ್ಯಾನದ ಭಾಷೆ ಹಳೆಯದು, ಓದುವಾಗ ಮನಸ್ಸಿಗೆ ನೋವಾಗುತ್ತದೆ. ಆದರೆ ವ್ಯಾಪ್ತಿ ದೊಡ್ಡದು, ಆಟಿಸಂ ಸಹ ಅದರೊಳಗೆ ಬರುತ್ತದೆ. ಇದೇ ಕಾಯ್ದೆಯ ಅನುಸೂಚಿ ಮತ್ತು 2011ರ ನಿಯಮಗಳು ಶಾರ್ಟ್ ಬ್ರೇಕ್ ಬಗ್ಗೆ ಹೇಳುತ್ತವೆ. ಕೌನ್ಸಿಲ್ ಹಗಲಿನ ಆರೈಕೆ, ರಾತ್ರಿಯ ಆರೈಕೆ, ಮನೆಯಾಚೆಯ ಚಟುವಟಿಕೆ, ಸಂಜೆ, ವಾರಾಂತ್ಯ ಮತ್ತು ಶಾಲೆಯ ರಜೆಯ ಸೇವೆ ಇವೆಲ್ಲವನ್ನೂ ಕೈಲಾದಷ್ಟರ ಮಟ್ಟಿಗೆ ಒದಗಿಸಬೇಕು. ಯಾರಿಗೆ ಏನು ಸಿಗುತ್ತದೆ ಎನ್ನುವ ಹೇಳಿಕೆಯನ್ನು ಪ್ರಕಟಿಸಬೇಕು. ಇನ್ನೂ ಒಂದು ಮಾತಿದೆ: ಬಿಡುವಿಲ್ಲದಿದ್ದರೆ ಕುಸಿದೇಬಿಡುವ ತಾಯಿಯನ್ನಷ್ಟೇ ಅಲ್ಲ, ಬಿಡುವು ಸಿಕ್ಕರೆ ಇನ್ನೂ ಚೆನ್ನಾಗಿ ನೋಡಿಕೊಳ್ಳಬಲ್ಲ ತಾಯಿಯನ್ನೂ ಗಮನದಲ್ಲಿಡಬೇಕು. ‘ನೀವು ಹೇಗೋ ನಿಭಾಯಿಸ್ತಿದ್ದೀರಲ್ಲ’ ಎಂದು ಸೋಷಿಯಲ್ ವರ್ಕರ್ ಹೇಳಿದಾಗ ತೋರಿಸಬೇಕಾದದ್ದು ಈ ನಿಯಮವನ್ನು.

ಸೆಕ್ಷನ್ 17 ಕೇಳಲು ಭರ್ಜರಿ. ಆದರೆ ಅದರಲ್ಲೊಂದು ಹಳ್ಳವಿದೆ. 2003ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಲಂಡನ್ನಿನ ಬಾರ್ನೆಟ್ ಮತ್ತು ಲ್ಯಾಂಬೆತ್ ಕೌನ್ಸಿಲ್‌ಗಳ ಮೂರು ಪ್ರಕರಣ ಒಟ್ಟಿಗೆ ಬಂದವು. ಅವುಗಳಲ್ಲಿ ಒಂದು, ಮೂರು ಮಕ್ಕಳ ತಾಯಿಯದು. ಇಬ್ಬರಿಗೆ ಆಟಿಸಂ. ಮನೆ ಇಕ್ಕಟ್ಟು, ಗೋಡೆಯೆಲ್ಲ ತೇವ, ಆಡಲು ಹೊರಗೆ ಜಾಗವಿಲ್ಲ. ಬೇರೆ ಮನೆ ಬೇಕೆಂದು ಕೌನ್ಸಿಲ್ಲಿನ ಅಸೆಸ್‌ಮೆಂಟೇ ಹೇಳಿತ್ತು. ಆದರೂ ಐವರಲ್ಲಿ ಮೂವರು ನ್ಯಾಯಮೂರ್ತಿಗಳು ತಾಯಿಯ ವಿರುದ್ಧ ನಿಂತರು. ಸೆಕ್ಷನ್ 17 ಹೇಳುವುದು ಪ್ರದೇಶದ ಎಲ್ಲ ಮಕ್ಕಳ ಕುರಿತ ಸಾಮಾನ್ಯ ಕರ್ತವ್ಯ, ಒಂದು ನಿರ್ದಿಷ್ಟ ಮಗು ‘ನನಗೆ ಇದನ್ನು ಕೊಡಿ’ ಎಂದು ಕೋರ್ಟಿನಲ್ಲಿ ಕೇಳಿ ಪಡೆಯುವ ಹಕ್ಕಲ್ಲ ಎಂದರು. ಆ ತೀರ್ಪು ನನಗೆ ಇಂದಿಗೂ ಹಿಡಿಸಿಲ್ಲ. ಆದರೆ ಕಾನೂನು ಅದೇ. ಕೌನ್ಸಿಲ್ಲಿಗೆ ಪತ್ರ ಬರೆಯುವವರು ಸೆಕ್ಷನ್ 17ನ್ನು ಮಾತ್ರ ನೆಚ್ಚಿಕೊಂಡರೆ ಕಾಲು ಹಳ್ಳಕ್ಕೆ ಬೀಳುತ್ತದೆ.

1970ರ ಕಾಯ್ದೆಯ ಸೆಕ್ಷನ್ 2 ಹಾಗಲ್ಲ. ಈ ಮಗುವಿಗೆ ಇಂಥ ಸೇವೆ ಅವಶ್ಯಕ ಎಂದು ಕೌನ್ಸಿಲ್ಲೇ ಒಮ್ಮೆ ಒಪ್ಪಿದರೆ, ಕೊಡಲೇಬೇಕು. ಅಲ್ಲಿಂದಾಚೆ ಹಣವಿಲ್ಲ ಎನ್ನುವಂತಿಲ್ಲ. ಹಾಗಾದರೆ ಹಣದ ಮಾತು ಎಲ್ಲಿ ಬರುತ್ತದೆ? ಒಪ್ಪುವ ಮುಂಚೆ. 1997ರ ಗ್ಲೌಸ್ಟರ್‌ಶೈರ್ ಪ್ರಕರಣದಲ್ಲಿ ವೃದ್ಧರೊಬ್ಬರ ಮನೆ ಶುಚಿಮಾಡುವ, ಬಟ್ಟೆ ಒಗೆಯುವ ಸೇವೆ ನಿಂತಿತ್ತು. ಲಾರ್ಡ್ಸ್ 3–2ರ ಬಹುಮತದಿಂದ, ಅಗತ್ಯ ಎಷ್ಟು ಎಂದು ಅಳೆಯುವಾಗ ಕೌನ್ಸಿಲ್ ತನ್ನ ಸಂಪನ್ಮೂಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂದಿತು. ಮರುವರ್ಷವೇ ಇನ್ನೊಂದು ದಿಕ್ಕಿನ ತೀರ್ಪು ಬಂತು. ಈಸ್ಟ್ ಸಸೆಕ್ಸ್ ಕೌನ್ಸಿಲ್, ಕಾಯಿಲೆಯಿಂದ ಶಾಲೆಗೆ ಹೋಗಲಾಗದ ಹುಡುಗಿಯೊಬ್ಬಳ ಮನೆಪಾಠವನ್ನು ವಾರಕ್ಕೆ 5 ಗಂಟೆಯಿಂದ 3 ಗಂಟೆಗೆ ಇಳಿಸಿತ್ತು. ತಕ್ಕ ಶಿಕ್ಷಣ ಕೊಡುವುದು ಕಾನೂನಿನ ಕಡ್ಡಾಯ, ಹಣದ ಕೊರತೆ ತೋರಿಸಿ ಕಡ್ಡಾಯವನ್ನು ಐಚ್ಛಿಕವಾಗಿಸಲು ಬರುವುದಿಲ್ಲ ಎಂದು ಲಾರ್ಡ್ಸ್ ಒಮ್ಮತದಿಂದ ಹೇಳಿತು. ಈ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟುಕೊಂಡರೆ ಶಿಕ್ಷಣದ ಹಕ್ಕು ಯಾಕೆ ಗಟ್ಟಿ, ಆರೈಕೆಯ ಹಕ್ಕು ಯಾಕೆ ಸಡಿಲ ಎಂದು ತಿಳಿಯುತ್ತದೆ.

ಸಡಿಲ ಅಂದರೆ ಹಿಡಿತವೇ ಇಲ್ಲವೆಂದಲ್ಲ. ಲಂಡನ್ನಿನ ಇಸ್ಲಿಂಗ್ಟನ್ ಕೌನ್ಸಿಲ್ ಒಂದು ಅರ್ಹತಾ ಪಟ್ಟಿ ಮಾಡಿ, ಮಗುವಿನ ಪರಿಸ್ಥಿತಿ ಎಷ್ಟೇ ಕಠಿಣವಿರಲಿ ವಾರಕ್ಕೆ 12 ಗಂಟೆ ಮೀರಿ ಕೊಡುವುದಿಲ್ಲ ಎಂದು ಮಿತಿ ಹಾಕಿತ್ತು. 2009ರಲ್ಲಿ ಹೈಕೋರ್ಟ್ ಇದು ಕಾನೂನಿಗೆ ವಿರುದ್ಧ ಎಂದಿತು. ಮೊದಲು ಈ ಮಗುವಿಗೆ ಏನು ಬೇಕೆಂದು ಅಳೆಯಬೇಕು, ಆಮೇಲೆ ಮಾನದಂಡದ ಮಾತು. ಪಟ್ಟಿಯನ್ನು ಮುಂದಿಟ್ಟುಕೊಂಡು ಮಗುವನ್ನು ಅದಕ್ಕೆ ತಕ್ಕಂತೆ ಕತ್ತರಿಸುವುದಲ್ಲ. ನನ್ನ ಗೆಳತಿಯ ಪತ್ರದಲ್ಲಿದ್ದದ್ದು ಹೆಚ್ಚುಕಡಿಮೆ ಇದೇ ತಪ್ಪು. ‘ಹೊಸ ಮಾನದಂಡ’ದ ಮಾತಿತ್ತು. ಮಗನನ್ನು ಮತ್ತೆ ಅಸೆಸ್ ಮಾಡಿದ ಸುಳಿವೇ ಇರಲಿಲ್ಲ. ಹಿಂದಿನ ವರ್ಷದ ಕೇರ್ ಪ್ಲ್ಯಾನಿನಲ್ಲಿ ಎಂಟು ಗಂಟೆ ಅವಶ್ಯಕ ಎಂದು ಅವರದೇ ಸೋಷಿಯಲ್ ವರ್ಕರ್ ಬರೆದು ಸಹಿ ಹಾಕಿದ್ದರು.

ಮೂರು ಬಾಗಿಲು

ಅಪೀಲು ಎಲ್ಲಿ ಎನ್ನುವ ಪ್ರಶ್ನೆಗೆ ಉತ್ತರ, ಕಡಿತವಾಗಿದ್ದು ಏನು ಎನ್ನುವುದರ ಮೇಲಿದೆ.

ಶಿಕ್ಷಣದ ವಿಷಯವಾದರೆ ದಾರಿ ನೇರ. 2014ರ ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಆಕ್ಟ್ ಪ್ರಕಾರ ವಿಶೇಷ ಅಗತ್ಯವಿರುವ ಮಗುವಿಗೆ ಇಎಚ್‌ಸಿ ಪ್ಲ್ಯಾನ್ ಎಂಬ ದಾಖಲೆ ಇರುತ್ತದೆ. ಶಿಕ್ಷಣ, ಆರೋಗ್ಯ, ಆರೈಕೆ ಮೂರನ್ನೂ ಸೇರಿಸಿ ಬರೆದದ್ದು. ಕೇಳಿದ ದಿನದಿಂದ 20 ವಾರದೊಳಗೆ ಅಂತಿಮ ಪ್ಲ್ಯಾನ್ ಕೈಗೆ ಬರಬೇಕು. ಅಸೆಸ್‌ಮೆಂಟನ್ನೇ ನಿರಾಕರಿಸಿದರೆ, ಪ್ಲ್ಯಾನ್ ಕೊಡದಿದ್ದರೆ, ಕೊಟ್ಟ ಪ್ಲ್ಯಾನಿನಲ್ಲಿ ಸ್ಪೀಚ್ ಥೆರಪಿ ಬಿಟ್ಟಿದ್ದರೆ ಅಥವಾ ಒಗ್ಗದ ಶಾಲೆಯ ಹೆಸರು ಬರೆದಿದ್ದರೆ ವಿಶೇಷ ಶಿಕ್ಷಣದ ಟ್ರಿಬ್ಯುನಲ್ ಇದೆ. ತೀರ್ಮಾನದ ಪತ್ರದಿಂದ 2 ತಿಂಗಳು ಅಥವಾ ಮಧ್ಯಸ್ಥಿಕೆಯ ಪ್ರಮಾಣಪತ್ರದಿಂದ 1 ತಿಂಗಳು, ಇವೆರಡರಲ್ಲಿ ಯಾವುದು ತಡವೋ ಅದು ಗಡುವು. ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಈ ಟ್ರಿಬ್ಯುನಲ್ ನಿಜಕ್ಕೂ ಮಗುವಿನ ಅಗತ್ಯವನ್ನೇ ನೋಡುತ್ತದೆ, ಕೌನ್ಸಿಲ್ಲಿನ ತೀರ್ಮಾನದ ಜಾಗದಲ್ಲಿ ತನ್ನದನ್ನು ಇಡುತ್ತದೆ. ವಿಚಾರಣೆಯ ತನಕ ಹೋದ ಪ್ರಕರಣಗಳಲ್ಲಿ ಬಹುತೇಕ ಎಲ್ಲದರಲ್ಲೂ ಪೋಷಕರಿಗೆ ಪೂರ್ತಿಯೋ ಭಾಗಶಃವೋ ಗೆಲುವು ಸಿಗುತ್ತಿದೆ. ಇಷ್ಟು ಸಲ ಸೋಲುವ ಕೌನ್ಸಿಲ್‌ಗಳು ಮೊದಲೇ ಸರಿಯಾಗಿ ತೀರ್ಮಾನಿಸಬಾರದೇ ಎನ್ನುವ ಸಿಟ್ಟು ನನಗೆ ಪ್ರತಿ ಸಲವೂ ಬರುತ್ತದೆ. ನಡುವೆ ಹಾಳಾಗುವುದು ಮಗುವಿನ ಶಾಲೆಯ ತಿಂಗಳುಗಳು. ಆರೈಕೆ ಮತ್ತು ಆರೋಗ್ಯದ ಭಾಗದ ಬಗ್ಗೆಯೂ ಈ ಟ್ರಿಬ್ಯುನಲ್ ಶಿಫಾರಸು ಮಾಡಬಹುದು. ಆದರೆ ಅದು ಶಿಫಾರಸು ಮಾತ್ರ.

ಪ್ಲ್ಯಾನಿನಲ್ಲಿ ಬರೆದಿರುವ ಶಿಕ್ಷಣದ ನೆರವು ಕೊಡದೇ ಇದ್ದರೆ ಅದು ಬೇರೆ ಕಥೆ. ಅದೇ ಕಾಯ್ದೆಯ ಸೆಕ್ಷನ್ 42ರ ಪ್ರಕಾರ ಬರೆದದ್ದನ್ನು ಕೌನ್ಸಿಲ್ ಒದಗಿಸಲೇಬೇಕು. ಥೆರಪಿಸ್ಟ್ ಸಿಗುತ್ತಿಲ್ಲ, ಶಾಲೆಯಲ್ಲಿ ಹಣವಿಲ್ಲ ಎನ್ನುವುದು ನೆಪವಾಗುವುದಿಲ್ಲ. ಇಲ್ಲಿ ವಕೀಲರ ಒಂದು ಕಾಗದಕ್ಕೇ ಕೆಲಸವಾಗುವುದು ಹೆಚ್ಚು. ಅದಕ್ಕೇ ಪ್ಲ್ಯಾನಿನ ಭಾಷೆಯ ಮೇಲೆ ಕಣ್ಣಿಡಬೇಕು. ‘ಸ್ಪೀಚ್ ಥೆರಪಿಗೆ ಅವಕಾಶವಿರುತ್ತದೆ’ ಎಂದು ಬರೆದರೆ ಏನೂ ಸಿಗದು. ‘ವಾರಕ್ಕೆ ಒಂದು ಸಲ, 45 ನಿಮಿಷ, ಅರ್ಹ ಥೆರಪಿಸ್ಟ್‌ರಿಂದ’ ಎಂದಿದ್ದರೆ ಅದು ಕೈಯಲ್ಲಿನ ಚೆಕ್ಕು.

ಎರಡನೆಯ ಬಾಗಿಲು ದೂರು. ಮಕ್ಕಳ ಆರೈಕೆಯ ದೂರಿಗೆ ಕಾನೂನಿನಲ್ಲೇ ಮೂರು ಹಂತವಿದೆ. ಎರಡನೇ ಹಂತದಲ್ಲಿ ಸ್ವತಂತ್ರ ವ್ಯಕ್ತಿಯೊಬ್ಬರು ತನಿಖೆಯ ಜೊತೆಗಿರುತ್ತಾರೆ. ಅದು ಮುಗಿದ ಮೇಲೆ ಸ್ಥಳೀಯ ಆಡಳಿತದ ಒಂಬುಡ್ಸ್‌ಮನ್. ವಿಷಯ ಗೊತ್ತಾದ 12 ತಿಂಗಳೊಳಗೆ ದೂರು ಕೊಡಬೇಕು, ಖರ್ಚಿಲ್ಲ. ತಡ, ನಿರ್ಲಕ್ಷ್ಯ, ತಪ್ಪಿದ ಸೇವೆಗೆ ಕ್ಷಮೆ ಮತ್ತು ಪರಿಹಾರಕ್ಕೆ ಇದು ಒಳ್ಳೆಯ ದಾರಿ. ಆದರೆ ನಿಧಾನ. ನಾಳೆಯಿಂದ ನಿಲ್ಲುವ ಸೇವೆಯನ್ನು ಒಂಬುಡ್ಸ್‌ಮನ್ ಹಿಡಿದು ನಿಲ್ಲಿಸಲಾರರು.

ಮೂರನೆಯದು ಜುಡಿಷಿಯಲ್ ರಿವ್ಯೂ. ನಮ್ಮಲ್ಲಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕುತ್ತೇವಲ್ಲ, ಅದರ ಅಣ್ಣ. ಸರ್ಷಿಯೊರರಿ, ಮ್ಯಾಂಡಮಸ್ ಎಂಬ ಹೆಸರು ನಮಗೆ ಬಂದದ್ದೇ ಅಲ್ಲಿಂದ. ಅಲ್ಲೀಗ ಆ ಲ್ಯಾಟಿನ್ ಬಿಟ್ಟು ರದ್ದತಿ ಆದೇಶ, ಕಡ್ಡಾಯ ಆದೇಶ ಎನ್ನುವ ಅರ್ಥದ ಸರಳ ಇಂಗ್ಲಿಷ್ ಹೆಸರಿಟ್ಟುಕೊಂಡಿದ್ದಾರೆ. ಒಂದು ದೊಡ್ಡ ವ್ಯತ್ಯಾಸ ಮರೆಯಬಾರದು. ನಮ್ಮ ರಿಟ್‌ಗೆ ಇಷ್ಟೇ ದಿನ ಎಂಬ ಕಟ್ಟುನಿಟ್ಟಿನ ಗಡುವಿಲ್ಲ. ಅಲ್ಲಿ ತಡಮಾಡದೆ ಹೋಗಬೇಕು, ಯಾವ ಕಾರಣಕ್ಕೂ 3 ತಿಂಗಳು ಮೀರಬಾರದು. ದೂರಿನ ಹಂತಗಳು ನಡೆಯುತ್ತಿವೆ ಎಂದು ಈ ಗಡಿಯಾರ ನಿಲ್ಲುವುದಿಲ್ಲ. ‘ಮೊದಲು ಸೌಜನ್ಯದಿಂದ ದೂರು ಕೊಡೋಣ, ಆಮೇಲೆ ನೋಡೋಣ’ ಎಂದು ಕಾದು, ಉತ್ತರ ಬರುವಷ್ಟರಲ್ಲಿ ನಾಲ್ಕು ತಿಂಗಳಾದ ಮನೆಗಳನ್ನು ನಾನು ಕಂಡಿದ್ದೇನೆ. ಅವರ ಕೈಯಲ್ಲಿ ಗೆಲ್ಲಬಹುದಾದ ಪ್ರಕರಣವಿತ್ತು. ದಿನವಿರಲಿಲ್ಲ.

ಜಡ್ಜ್ ಕೇಳುವ ಪ್ರಶ್ನೆ

ಒಂದು ಮಗುವಿನ ಸೇವೆ ನಿಂತದ್ದಿರಲಿ, ಇಡೀ ಊರಿನ ಸೇವೆಗೆ ಕತ್ತರಿ ಬಿದ್ದದ್ದಿರಲಿ, ಹೈಕೋರ್ಟ್ ಕೇಳುವುದು ಕೆಲವೇ ಪ್ರಶ್ನೆ. ಕಾನೂನು ಹೇಳಿದ್ದನ್ನು ಕೌನ್ಸಿಲ್ ಸರಿಯಾಗಿ ಅರ್ಥಮಾಡಿಕೊಂಡಿತೇ? ನೋಡಬೇಕಾದದ್ದನ್ನು ನೋಡಿತೇ? ಕೇಳಬೇಕಾದವರನ್ನು ಕೇಳಿತೇ? 2010ರ ಸಮಾನತೆಯ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ ವಿಕಲಚೇತನರ ಮೇಲೆ ಆಗುವ ಪರಿಣಾಮವನ್ನು ತೀರ್ಮಾನಕ್ಕೆ ಮುಂಚೆ ಮನಸ್ಸಿಟ್ಟು ತೂಗಿತೇ, ಅಥವಾ ತೀರ್ಮಾನವಾದ ಮೇಲೆ ಫಾರಂ ತುಂಬಿತೇ?

ಜನರ ಅಭಿಪ್ರಾಯ ಕೇಳುವುದಕ್ಕೆ 1985ರ ಬ್ರೆಂಟ್ ಕೌನ್ಸಿಲ್ ಪ್ರಕರಣದಿಂದ ಬಂದ ಒಂದು ಅಳತೆಗೋಲಿದೆ. ಅದು ಶಾಲೆ ಮುಚ್ಚುವ ಕುರಿತದ್ದು. ಮನಸ್ಸು ಇನ್ನೂ ಗಟ್ಟಿಯಾಗದಿರುವಾಗ ಕೇಳಬೇಕು, ಜನ ಯೋಚಿಸಿ ಉತ್ತರಿಸುವಷ್ಟು ಮಾಹಿತಿ ಕೊಡಬೇಕು, ಸಾಕಷ್ಟು ಸಮಯ ಕೊಡಬೇಕು, ಬಂದ ಉತ್ತರವನ್ನು ಪ್ರಾಮಾಣಿಕವಾಗಿ ಗಮನಿಸಬೇಕು. 2014ರಲ್ಲಿ ಹ್ಯಾರಿಂಗೆ ಕೌನ್ಸಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮುದ್ರೆ ಒತ್ತಿತು. ಕೌನ್ಸಿಲ್ ತಾನು ಕೈಬಿಟ್ಟ ಬೇರೆ ದಾರಿಗಳನ್ನು ಜನರಿಂದ ಮುಚ್ಚಿಟ್ಟು ಅಭಿಪ್ರಾಯ ಕೇಳಿದ್ದು ನ್ಯಾಯವಲ್ಲ ಎಂದಿತು.

ಬ್ರಿಸ್ಟಲ್‌ನಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2018ರ ಬಜೆಟ್ಟಿನಲ್ಲಿ ಕೌನ್ಸಿಲ್ ವಿಶೇಷ ಅಗತ್ಯದ ಮಕ್ಕಳ ನಿಧಿಯಲ್ಲಿ ಸುಮಾರು 50 ಲಕ್ಷ ಪೌಂಡ್ ಉಳಿತಾಯ ಮಾಡಹೊರಟಿತು. ಮಕ್ಕಳ ಪರವಾಗಿ ಪೋಷಕರು ಹೈಕೋರ್ಟಿಗೆ ಹೋದರು. ಕೌನ್ಸಿಲರ್‌ಗಳು ಕೈಯೆತ್ತಿ ಮತ ಹಾಕುವ ಮೊದಲು ಈ ಕಡಿತದಿಂದ ಯಾವ ಮಕ್ಕಳಿಗೆ ಏನಾಗುತ್ತದೆ ಎಂಬ ಮಾಹಿತಿ ಅವರ ಮೇಜಿನ ಮೇಲೆ ಇರಲಿಲ್ಲ. ಬಾಧಿತ ಕುಟುಂಬಗಳನ್ನು ಯಾರೂ ಕೇಳಿರಲಿಲ್ಲ. 2014ರ ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಆಕ್ಟಿನ 27ನೇ ಸೆಕ್ಷನ್, ವಿಶೇಷ ಶಿಕ್ಷಣ ಮತ್ತು ಆರೈಕೆ ಸಾಕಾಗುತ್ತಿದೆಯೇ ಎಂದು ಆಗಾಗ ಪರಿಶೀಲಿಸಿ, ಆಗ ಮಕ್ಕಳನ್ನೂ ಪೋಷಕರನ್ನೂ ಕೇಳಿ ಎನ್ನುತ್ತದೆ. ಅದೂ ಆಗಿರಲಿಲ್ಲ. ಆಗಸ್ಟ್‌ನಲ್ಲಿ ಕೋರ್ಟ್ ಆ ಭಾಗದ ತೀರ್ಮಾನವನ್ನು ರದ್ದುಮಾಡಿತು. ವೆಸ್ಟ್ ಬರ್ಕ್‌ಶೈರ್‌ನಲ್ಲಿ ಎರಡು ವರ್ಷ ಮುಂಚೆ, ಸ್ವಯಂಸೇವಾ ಸಂಸ್ಥೆಗಳ ಶಾರ್ಟ್ ಬ್ರೇಕ್ ಅನುದಾನ ಇಳಿಸಿದ ತೀರ್ಮಾನವೂ ಇಂಥದ್ದೇ ಕಾರಣಕ್ಕೆ ಕಾನೂನುಬಾಹಿರ ಎನಿಸಿತ್ತು: ಕಾನೂನು ಏನನ್ನು ಪರಿಗಣಿಸಿ ಎನ್ನುತ್ತದೆಂದು ಕೌನ್ಸಿಲರ್‌ಗಳಿಗೆ ಅಧಿಕಾರಿಗಳು ಹೇಳಿರಲೇ ಇಲ್ಲ.

ಬ್ರಿಸ್ಟಲ್ ಗೆಲುವಿನ ಮರುವರ್ಷ ಸರ್ರೆಯಲ್ಲಿ ಪೋಷಕರು ಸೋತರು. ಅಲ್ಲಿ ಮೊತ್ತ ಇನ್ನೂ ದೊಡ್ಡದು, 2 ಕೋಟಿ ಪೌಂಡ್‌ಗೂ ಹೆಚ್ಚು. ಆದರೆ ಬಜೆಟ್ಟಿನಲ್ಲಿದ್ದದ್ದು ಉಳಿತಾಯ ಮಾಡಬಹುದಾದ ಕ್ಷೇತ್ರಗಳ ಅಂದಾಜು, ಯಾವ ಸೇವೆಯನ್ನೂ ಇನ್ನೂ ಕಡಿದಿಲ್ಲ, ಕಡಿಯುವ ಮುಂಚೆ ಜನರನ್ನು ಕೇಳುತ್ತಾರೆ ಎಂದು ಕೋರ್ಟ್ ನೋಡಿತು. ಹ್ಯಾಕ್ನಿಯಲ್ಲಿ ಶಾಲೆಗಳಿಗೆ ಕೊಡುವ ಹೆಚ್ಚುವರಿ ಹಣವನ್ನು 5% ಇಳಿಸಿದ್ದರು. 2019ರಲ್ಲಿ ಹೈಕೋರ್ಟಿನಲ್ಲೂ 2020ರಲ್ಲಿ ಮೇಲ್ಮನವಿಯಲ್ಲೂ ಪೋಷಕರು ಸೋತರು. ಪ್ರತಿ ಮಗುವಿನ ಪ್ಲ್ಯಾನಿನಲ್ಲಿರುವುದನ್ನು ಕೊಡುವ ಹೊಣೆ ಕೌನ್ಸಿಲ್ ಮೇಲೆ ಹಾಗೆಯೇ ಇದೆಯಲ್ಲ ಎನ್ನುವುದು ತರ್ಕ. ಇವುಗಳಿಂದ ನಾನು ಕಲಿತದ್ದು ಇಷ್ಟು: ಬಜೆಟ್ಟಿನ ಅಂಕಿಯ ಮೇಲೆ ಕೇಸು ಹಾಕಿದರೆ ಜಾರುತ್ತದೆ, ಇಂಥ ಸೇವೆ ಇಂಥ ದಿನ ನಿಂತಿತು ಎನ್ನುವುದರ ಮೇಲೆ ಹಾಕಿದರೆ ನಿಲ್ಲುತ್ತದೆ. ಬ್ರಿಸ್ಟಲ್ ಅಪವಾದ, ಮಾದರಿಯಲ್ಲ.

ಕೆಲವೊಮ್ಮೆ ಎದುರಾಳಿ ಕೌನ್ಸಿಲ್ ಅಲ್ಲ, ಆರೋಗ್ಯ ಇಲಾಖೆಯ ಸ್ಥಳೀಯ ಸಂಸ್ಥೆ. ವಾಟ್‌ಫರ್ಡ್‌ನ ನ್ಯಾಸ್ಕಾಟ್ ಲಾನ್ ಎಂಬ ಕೇಂದ್ರದಲ್ಲಿ ಸಂಕೀರ್ಣ ಆರೋಗ್ಯ ಸಮಸ್ಯೆಯ ಮಕ್ಕಳು ರಾತ್ರಿ ತಂಗುತ್ತಿದ್ದರು. ಅದರ ಹಣ ನಿಲ್ಲಿಸಿದಾಗ ಪೋಷಕರು ಕೋರ್ಟಿಗೆ ಹೋದರು. 2018ರ ಫೆಬ್ರವರಿಯಲ್ಲಿ ಗೆದ್ದದ್ದು ಯಾವ ಕಾರಣಕ್ಕೆ ಗೊತ್ತೇ? ಇದು ಆರೋಗ್ಯ ಸೇವೆಯೇ, ಹಾಗಾಗಿ ನಿಲ್ಲಿಸುವ ಮುಂಚೆ ಕೌಂಟಿ ಕೌನ್ಸಿಲ್ ಜೊತೆ ನಿಯಮದಂತೆ ಸಮಾಲೋಚನೆ ನಡೆಸಬೇಕಿತ್ತು, ನಡೆಸಿರಲಿಲ್ಲ ಎಂದು. ಮಕ್ಕಳ ರಾತ್ರಿಗಳ ಬಗ್ಗೆ ಪೋಷಕರು ಹೇಳಿದ್ದೆಲ್ಲ ಸತ್ಯ. ಪ್ರಕರಣ ನಿಂತದ್ದು ತಪ್ಪಿಹೋದ ಒಂದು ಸಮಾಲೋಚನೆಯ ಮೇಲೆ.

ಗೆದ್ದರೂ ಸಿಗುವುದು ಏನು? ಹಳೆಯ ತೀರ್ಮಾನ ರದ್ದು, ಹೊಸದಾಗಿ ಸರಿಯಾಗಿ ತೀರ್ಮಾನಿಸಿ ಎಂಬ ಆದೇಶ. ಕೌನ್ಸಿಲ್ ಎಲ್ಲ ವಿಧಿ ಪಾಲಿಸಿ ಮತ್ತೆ ಅದೇ ಕಡಿತ ಮಾಡಬಹುದು. 2015ರಿಂದ ಇನ್ನೊಂದು ಅಡ್ಡಿಯಿದೆ: ತಪ್ಪಾಗದಿದ್ದರೂ ಫಲಿತಾಂಶ ಹೆಚ್ಚುಕಡಿಮೆ ಇದೇ ಆಗುತ್ತಿತ್ತು ಎಂಬ ಸಂಭವ ಬಲವಾಗಿದ್ದರೆ ಕೋರ್ಟ್ ಸಾಮಾನ್ಯವಾಗಿ ಪರಿಹಾರ ಕೊಡುವಂತಿಲ್ಲ. ಹಾಗಾದರೆ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಮಗುವಿನ ಹೆಸರು, ಅದರ ದಿನಚರಿ, ಅದರ ತಾಯಿಯ ಉತ್ತರ ಮುಂದಿಟ್ಟುಕೊಂಡು ಮತ ಹಾಕುವುದಕ್ಕೂ ಒಂದು ಅಂಕಿ ನೋಡಿ ಮತ ಹಾಕುವುದಕ್ಕೂ ವ್ಯತ್ಯಾಸವಿದೆ ಎಂದು ನಾನು ನಂಬಿದ್ದೇನೆ. ಎರಡನೇ ಸಲ ಕೂತವರು ಬೇರೆ ತೀರ್ಮಾನ ಮಾಡಿದ್ದನ್ನೂ ನೋಡಿದ್ದೇನೆ.

ಕೆಲಸ ಹೇಗೆ ಸಾಗುತ್ತದೆ

ಮೊದಲ ಹೆಜ್ಜೆ ಕೋರ್ಟಲ್ಲ, ಕಾಗದ. ದಾವೆಗೆ ಮುಂಚಿನ ಪತ್ರ ಎಂದು ಅದಕ್ಕೆ ಹೆಸರು. ಯಾವ ತೀರ್ಮಾನ, ಯಾವ ತಾರೀಖು, ಯಾವ ಸೆಕ್ಷನ್ ಮುರಿದಿದೆ, ಏನು ಮಾಡಬೇಕು ಎಂದು ನಾಲ್ಕೈದು ಪುಟದಲ್ಲಿ ಬರೆದು, ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಅದು ಕೌನ್ಸಿಲ್ಲಿನ ಕಾನೂನು ವಿಭಾಗದ ಮೇಜಿಗೆ ಹೋಗುತ್ತದೆ. ಅಲ್ಲಿಯ ತನಕ ಬರೀ ಸೋಷಿಯಲ್ ವರ್ಕರ್ ಜೊತೆ ಹೆಣಗಾಡುತ್ತಿದ್ದ ವಿಷಯವನ್ನು ಮೊದಲ ಬಾರಿಗೆ ವಕೀಲರೊಬ್ಬರು ಓದುತ್ತಾರೆ. ಬಹಳಷ್ಟು ಪ್ರಕರಣ ಇಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಅರ್ಜಿ, ಅದರ ಮೇಲೆ ಜಡ್ಜ್‌ರ ಅನುಮತಿ, ಆಮೇಲೆ ಪೂರ್ಣ ವಿಚಾರಣೆ. ತುರ್ತಿದ್ದರೆ ವಿಚಾರಣೆ ಮುಗಿಯುವ ತನಕ ಸೇವೆ ಮುಂದುವರಿಸಿ ಎಂಬ ಮಧ್ಯಂತರ ಆದೇಶ ಕೇಳಬಹುದು.

ಖರ್ಚಿನ ಭಯಕ್ಕೆ ಹಿಂದೆ ಸರಿಯುವವರು ಬಹಳ. ಸೋತರೆ ಎದುರಾಳಿಯ ಖರ್ಚೂ ಮೈಮೇಲೆ ಬರಬಹುದು ಎನ್ನುವುದು ನಿಜ. ಆದರೆ ದಾವೆ ಹೂಡುವುದು ತಾಯಿಯಲ್ಲ, ಮಗು. ತಾಯಿ ಅಥವಾ ತಂದೆ ಅದರ ಪರವಾಗಿ ನಿಲ್ಲುವವರು. ಹಾಗಾಗಿ ಮಗುವಿನ ಹೆಸರಲ್ಲೇ ಲೀಗಲ್ ಏಡ್ ಕೇಳಬಹುದು. 18 ವರ್ಷದೊಳಗಿನವರ ಕೋರ್ಟ್ ಪ್ರಾತಿನಿಧ್ಯಕ್ಕೆ 2023ರಿಂದ ಆದಾಯದ ಪರೀಕ್ಷೆಯನ್ನೇ ತೆಗೆದಿದ್ದಾರೆ. ಪ್ರಕರಣದಲ್ಲಿ ಹುರುಳಿದೆಯೇ ಎಂಬ ಪರೀಕ್ಷೆ ಉಳಿದಿದೆ. ‘ನಮ್ಮ ಸಂಬಳ ಜಾಸ್ತಿ, ನಮಗೆಲ್ಲಿ ಸಿಗತ್ತೆ’ ಎಂದು ಕೈಚೆಲ್ಲುವ ಮುಂಚೆ ಇದನ್ನು ಕೇಳಿನೋಡಬೇಕು.

ಇಲ್ಲಿ ಕನ್ನಡದ ಮನೆಗಳಿಗೆ ನೇರವಾಗಿ ಒಂದು ಮಾತು. ಕೆಲಸದ ವೀಸಾದಲ್ಲಿ ಇಂಗ್ಲೆಂಡಿಗೆ ಹೋದವರ ಪರವಾನಗಿಯ ಮೇಲೆ ‘ಸಾರ್ವಜನಿಕ ನಿಧಿಗೆ ಹಕ್ಕಿಲ್ಲ’ ಎಂಬ ಷರತ್ತಿರುತ್ತದೆ. ಅದನ್ನು ಓದಿ ಹೆದರಿ ಎಷ್ಟೋ ಮಂದಿ ಮಗುವಿಗೆ ಏನನ್ನೂ ಕೇಳುವುದೇ ಇಲ್ಲ. ಕೇಳಿದರೆ ವೀಸಾಕ್ಕೆ ತೊಂದರೆ ಎನ್ನುವ ಭಯ. ಆದರೆ ವಲಸೆ ನಿಯಮಗಳು ಸಾರ್ವಜನಿಕ ನಿಧಿ ಎಂದು ಪಟ್ಟಿ ಮಾಡಿರುವುದು ಮಕ್ಕಳ ಅಂಗವಿಕಲ ಭತ್ಯೆ, ಆರೈಕೆದಾರರ ಭತ್ಯೆ, ಚೈಲ್ಡ್ ಬೆನಿಫಿಟ್‌ನಂಥ ಹಣಸಹಾಯಗಳನ್ನು. ಸರ್ಕಾರಿ ಶಾಲೆ, ಇಎಚ್‌ಸಿ ಪ್ಲ್ಯಾನ್, ಸೆಕ್ಷನ್ 17ರ ಅಸೆಸ್‌ಮೆಂಟ್, ಅದರಿಂದ ಸಿಗುವ ಶಾರ್ಟ್ ಬ್ರೇಕ್ ಆ ಪಟ್ಟಿಯಲ್ಲಿಲ್ಲ. ಭತ್ಯೆಯ ಅರ್ಜಿ ಹಾಕುವ ಮುಂಚೆ ವಲಸೆ ವಕೀಲರನ್ನು ಕೇಳಿ. ಶಾಲೆ ಮತ್ತು ಆರೈಕೆಯ ಅರ್ಜಿಗೆ ಹೆದರಬೇಡಿ.

ಕಾಗದ ಕೂಡಿಸುವುದಕ್ಕೂ ದಾರಿಗಳಿವೆ. ನಿಮ್ಮ ಮಗುವಿನ ಬಗ್ಗೆ ಕೌನ್ಸಿಲ್ಲಿನಲ್ಲಿರುವ ಇಡೀ ಫೈಲನ್ನು ದತ್ತಾಂಶ ರಕ್ಷಣೆಯ ಕಾನೂನಿನಡಿ ಉಚಿತವಾಗಿ ಕೇಳಬಹುದು, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು. ಸೇವೆ ಕಡಿಯುವ ಮುಂಚೆ ಸಮಾನತೆಯ ಪರಿಣಾಮ ಅಧ್ಯಯನ ಮಾಡಿದ್ದಾರೆಯೇ ಎಂಬುದನ್ನು ಮಾಹಿತಿ ಹಕ್ಕಿನಡಿ ಕೇಳಿದರೆ 20 ಕೆಲಸದ ದಿನಗಳಲ್ಲಿ ಉತ್ತರ. ಕೌನ್ಸಿಲ್ ಸಭೆಯ ಕಾರ್ಯಸೂಚಿ, ವರದಿಗಳು ಸಭೆಗೆ ಮುಂಚೆಯೇ ಪ್ರಕಟವಾಗುತ್ತವೆ. ಅವನ್ನು ಓದುವವರು ಕಡಿಮೆ. ವಿಶೇಷ ಅಗತ್ಯದ ಮಕ್ಕಳ ಪೋಷಕರಿಗೆ ಮಾಹಿತಿ, ಸಲಹೆ ಕೊಡುವ ಉಚಿತ ಸೇವೆಯನ್ನು ಪ್ರತಿ ಕೌನ್ಸಿಲ್ ಒದಗಿಸಬೇಕು. ಶಿಕ್ಷಣದ ಕಾನೂನಿಗೆ ಇಪ್ಸಿಯಾ, ಇಡೀ ಕುಟುಂಬದ ಸಮಸ್ಯೆಗೆ ಕಾಂಟ್ಯಾಕ್ಟ್ ಎಂಬ ಸೇವಾ ಸಂಸ್ಥೆಗಳೂ ಇವೆ.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಮನೆಯ ನೋಟುಪುಸ್ತಕ. ನನ್ನ ಗೆಳತಿಯದು ನೂರು ಪುಟದ ರೂಲು ಹಾಕಿದ ಪುಸ್ತಕ, ಅರ್ಧ ಕನ್ನಡ ಅರ್ಧ ಇಂಗ್ಲಿಷ್. ‘1.40ಕ್ಕೆ ಎದ್ದ. ಬಾಗಿಲು ಬಡಿದ. 4ಕ್ಕೆ ಮಲಗಿದ. ಪುಟ್ಟಿ ಅತ್ತಳು, ಶಾಲೆಗೆ ಹೋಗಲಿಲ್ಲ.’ ಪುಟ್ಟಿ ಅಂದರೆ ಅವನ ಏಳು ವರ್ಷದ ತಂಗಿ. ಆರು ವಾರದ ಈ ಸಾಲುಗಳನ್ನು ಪಟ್ಟಿ ಮಾಡಿ ವಕೀಲರ ಪತ್ರಕ್ಕೆ ಲಗತ್ತಿಸಿದೆವು. ಜೊತೆಗೆ ಹಿಂದಿನ ಕೇರ್ ಪ್ಲ್ಯಾನಿನ ಪ್ರತಿ, ಎಂಟು ಗಂಟೆಯ ಸಾಲಿನ ಕೆಳಗೆ ಗೆರೆ ಎಳೆದು.

ಪತ್ರ ಹೋದದ್ದು ಏಳನೇ ವಾರದಲ್ಲಿ. ಹದಿಮೂರನೇ ದಿನ ಕೌನ್ಸಿಲ್ಲಿನ ಕಾನೂನು ವಿಭಾಗದಿಂದ ಉತ್ತರ ಬಂತು, ಎರಡೇ ಪ್ಯಾರಾ. ಮಗನನ್ನು ಹೊಸದಾಗಿ ಅಸೆಸ್ ಮಾಡುತ್ತೇವೆ, ಅದು ಮುಗಿಯುವ ತನಕ ಎಂಟು ಗಂಟೆ ಮುಂದುವರಿಯುತ್ತದೆ. ತಪ್ಪಾಯಿತು ಎಂಬ ಮಾತು ಅದರಲ್ಲಿರಲಿಲ್ಲ. ಗೆಳತಿ ಹಳೆಯ ಪತ್ರ ತೆಗೆದು ಫೈಲಿಗೆ ಹಾಕಿದಳು, ಹೊಸದನ್ನು ಅದೇ ಜಾಗದಲ್ಲಿ ಅಂಟಿಸಿದಳು. ಆಮೇಲೆ ನೋಟುಪುಸ್ತಕ ತೆರೆದು ಅಸೆಸ್‌ಮೆಂಟಿಗೆ ಬರುವ ದಿನವನ್ನೂ ಅಲ್ಲಿಂದ ಮುಂದಕ್ಕೆ ಮೂರು ತಿಂಗಳ ಮೇಲಿನ ದಿನವನ್ನೂ ಕೆಂಪು ಪೆನ್ನಿನಲ್ಲಿ ಬರೆದಿಟ್ಟಳು. ಮಗ ಬಂದು ಕಾರಿನ ಕಾರ್ಡು ಕಿತ್ತು ಅವಳ ಕೈಗಿಟ್ಟ. ಶನಿವಾರವಾಗಿತ್ತು. ಈಜುಕೊಳಕ್ಕೆ ಕರೆದೊಯ್ಯುವವರು ಹತ್ತು ಗಂಟೆಗೆ ಬರುವುದಿತ್ತು.